ಜಗಲಿಯಿಂದ ಪೇಟೆಗೆ ಬಂದ ಸಂಬಂಧ

ವಿವಾಹದ ಬಲಿಪೂಜೆಯಲ್ಲಿ ಓದಲೆಂದು ಧರ್ಮಸಭೆ ಗೊತ್ತುಮಾಡಿರುವ ವಾಚನಗಳಲ್ಲಿ ಆದಿಕಾಂಡದ 24ನೆಯ ಅಧ್ಯಾಯದ ಒಂದು ಭಾಗವೂ ಸೇರಿದೆ. ಮುದುಕನಾದ ಅಬ್ರಹಾಮ ತನ್ನ ಹಳೆಯ ಸೇವಕನನ್ನು ಕರೆದು, ಮಗ ಇಸಾಕನಿಗೆ ತಮ್ಮ ಬಂಧುಬಳಗದಲ್ಲೇ ಹೆಣ್ಣು ನೋಡಿಕೊಂಡು ಬರುವಂತೆ ಕಳುಹಿಸುತ್ತಾನೆ. ಸೇವಕ ಹತ್ತು ಒಂಟೆಗಳೊಡನೆ ದೂರದ ಊರಿಗೆ ಹೋಗಿ ಸಂಜೆಯ ಹೊತ್ತು ಬಾವಿಯ ಬಳಿ ಕಾಯುತ್ತಾನೆ. ನೀರು ಸೇದಲು ಬಂದ ರೆಬೆಕ್ಕ ಅವನಿಗೂ ಅವನ ಒಂಟೆಗಳಿಗೂ ನೀರು ಕೊಡುತ್ತಾಳೆ. ಮಾತುಕತೆ ಅವಳ ಮನೆಯಲ್ಲಿ ನಡೆಯುತ್ತದೆ. ಅಣ್ಣ ಮತ್ತು ತಂದೆ ಒಪ್ಪುತ್ತಾರೆ. ಸೇವಕ ತಂದ ಬೆಳ್ಳಿ ಬಂಗಾರದ ಒಡವೆಗಳು ಹುಡುಗಿಯ ಕೈ ಸೇರುತ್ತವೆ. ಆದರೆ ಹೊರಡುವ ದಿನ ಮನೆಯವರು ರೆಬೆಕ್ಕಳನ್ನೇ ಎದುರಿಗೆ ಕರೆದು, ಹೋಗಲು ಮನಸ್ಸಿದೆಯೋ ಎಂದು ವಿಚಾರಿಸುತ್ತಾರೆ. ಅವಳು ಒಪ್ಪಿದ ಮೇಲೆಯೇ ಒಂಟೆಗಳು ಹೊರಡುತ್ತವೆ.

ಮಂಗಳೂರಿನ ನಮ್ಮ ಅಜ್ಜ ಅಜ್ಜಿಯರಿಗೆ ಈ ವಾಚನವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸೇವಕನನ್ನು ಅವರು ನಿತ್ಯ ಕಾಣುತ್ತಿದ್ದರು. ಅವನ ಹೆಸರು ರಾಯ್ಬಾರಿ. ಇಂದು ಕನ್ನಡದಲ್ಲಿ ರಾಯಭಾರಿ ಎಂದರೆ ದೆಹಲಿಯಲ್ಲಿ ಕುಳಿತ ವಿದೇಶಿ ಅಧಿಕಾರಿ. ನಮ್ಮವರ ರಾಯ್ಬಾರಿ ಕೈಯಲ್ಲಿ ಕೊಡೆ ಹಿಡಿದು ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದ ಮನುಷ್ಯ, ಕೆಲವೊಮ್ಮೆ ಹೆಂಗಸು. ಯಾವ ಮನೆಯಲ್ಲಿ ಪ್ರಾಯಕ್ಕೆ ಬಂದ ಮಗಳಿದ್ದಾಳೆ, ಯಾವ ಮನೆಗೆ ಎಷ್ಟು ಮುಡಿ ಗೇಣಿ ಬರುತ್ತದೆ, ಯಾರ ಅಜ್ಜ ಯಾರ ಅಜ್ಜಿಗೆ ಏನಾಗಬೇಕು, ಇವೆಲ್ಲ ಅವನ ತಲೆಯಲ್ಲಿದ್ದವು. ಈ ಕೊನೆಯ ವಿಷಯ ಸಣ್ಣದಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಗೆ ಧರ್ಮಸಭೆಯ ತಡೆ ಇತ್ತು. ಅದಲ್ಲದೆ 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದಿಂದ ಬದುಕಿ ಮರಳಿದವರ ಮೊಮ್ಮಕ್ಕಳ ಸಮುದಾಯ ಅದು. ಯಾರು ಯಾರವರೆಂದು ನೆನಪಿಟ್ಟುಕೊಳ್ಳುವವರಿಗೆ ಆಗ ತುಂಬ ಬೆಲೆಯಿತ್ತು.

ಸಂಬಂಧ ಕುದುರುತ್ತಿದ್ದುದು ಹುಡುಗಿಯ ಮನೆಯ ಜಗಲಿಯಲ್ಲಿ. ಅತಿಥಿಗಳ ಮುಂದೆ ಪಾನ್‌ಪೊಡ್, ಅಂದರೆ ವೀಳ್ಯದ ತಟ್ಟೆ ಬರುತ್ತಿತ್ತು. ನೀರು, ಬೆಲ್ಲ, ಆಮೇಲೆ ಕಾಫಿ. ಹುಡುಗಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು; ಅವಳ ಪಾಲಿನ ಸಭೆ ಅಲ್ಲಿಗೆ ಮುಗಿಯಿತು. ಹುಡುಗ ಬಂದಿದ್ದರೆ ಅವನೂ ಹಿರಿಯರ ಮಾತಿನ ನಡುವೆ ಬಾಯಿ ಹಾಕುವಂತಿರಲಿಲ್ಲ. ಮನೆತನ, ಆಸ್ತಿ, ಜಾತಿ, ಕೊನೆಗೆ ದೋತ್, ಅಂದರೆ ವರದಕ್ಷಿಣೆ, ಎಲ್ಲವೂ ಹಿರಿಯರೊಳಗೇ ತೀರ್ಮಾನವಾಗುತ್ತಿತ್ತು. ಬಾಮಣ್, ಚಾರೊಡಿ ಎಂಬ ಹಳೆಯ ಜಾತಿಭೇದಗಳು ಜ್ಞಾನಸ್ನಾನದ ನೀರಿನಲ್ಲಿ ತೊಳೆದುಹೋಗಿರಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಇಷ್ಟು ಹೇಳಿದ ಮೇಲೆ, ಆ ಕಾಲವನ್ನು ಚಿನ್ನದ ಕಾಲವೆಂದು ಕರೆಯುವವರ ಜೊತೆ ನಾವು ದನಿ ಸೇರಿಸಲಾರೆವು. ದೋತ್ ಎಂಬ ಪದ ಪೋರ್ಚುಗೀಸರಿಂದ ಬಂದದ್ದು. ಕ್ರಮ ಮಾತ್ರ ನಮ್ಮ ನಾಡಿನಲ್ಲೇ ಬೇರು ಬಿಟ್ಟದ್ದು. ರೆಬೆಕ್ಕಳ ಕತೆಯಲ್ಲಿ ಒಡವೆ ಬಂದದ್ದು ಗಂಡಿನ ಕಡೆಯಿಂದ. ನಮ್ಮಲ್ಲಿ ಅದರ ದಿಕ್ಕು ತಿರುಗಿತ್ತು. ಹೆಣ್ಣುಮಕ್ಕಳು ಹೆಚ್ಚಿರುವ ಮನೆಯಲ್ಲಿ ತೋಟ ಅಡವಿಟ್ಟು ಹಿರಿಯಳ ಮದುವೆ ಮಾಡಿದರೆ ಕಿರಿಯಳ ಹೊತ್ತಿಗೆ ಅಡವಿಡಲು ಏನೂ ಉಳಿಯುತ್ತಿರಲಿಲ್ಲ. ಪೇಟೆಯ ಲೆಕ್ಕಾಚಾರ ನಮ್ಮ ಮದುವೆಗೆ ಮೊನ್ನೆ ಮೊನ್ನೆ ಮಾಲ್‌ಗಳ ಜೊತೆ ಬಂತೆಂದು ಭಾವಿಸುವವರು ಇದನ್ನು ನೆನೆಯಬೇಕು. ಅದು ಜಗಲಿಯಲ್ಲೇ, ವೀಳ್ಯದ ತಟ್ಟೆಯ ಪಕ್ಕದಲ್ಲೇ ಕುಳಿತಿತ್ತು.

ಹಾಗಾದರೆ ರೆಬೆಕ್ಕಳಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಹುಡುಗಿಯರಿಗೆ ಯಾರು ಕೇಳುತ್ತಿದ್ದರು? ಉತ್ತರ ಇಗರ್ಜಿಯ ಚರಿತ್ರೆಯಲ್ಲಿದೆ. 1563ರ ನವೆಂಬರಿನಲ್ಲಿ ತ್ರೆಂತ್ ಮಹಾಸಭೆ ವಿವಾಹದ ಕುರಿತು ಒಂದು ಆಜ್ಞೆ ಹೊರಡಿಸಿತು. ಅದರ ಮೊದಲ ಪದದಿಂದ ಅದನ್ನು ‘ತಾಮೆತ್ಸಿ’ ಎಂದು ಕರೆಯುತ್ತಾರೆ. ಮದುವೆಗೆ ಮೊದಲು ಮೂರು ಸಲ ಇಗರ್ಜಿಯಲ್ಲಿ ಪ್ರಕಟಣೆ ಓದಬೇಕು, ಧರ್ಮಕೇಂದ್ರದ ಗುರುಗಳು ಮತ್ತು ಇಬ್ಬರು ಮೂವರು ಸಾಕ್ಷಿಗಳ ಎದುರು ಒಪ್ಪಿಗೆ ನೀಡಬೇಕು ಎಂಬ ನಿಯಮ ಬಂದದ್ದು ಅದರಿಂದಲೇ. ನಮ್ಮವರು ಚೀಟಿ ಓದುವುದು ಎನ್ನುವ ಪದ್ಧತಿಯ ಮೂಲ ಇದು. ಆದರೆ ಅದೇ ಆಜ್ಞೆಯಲ್ಲಿ ಇನ್ನೊಂದು ಮಾತೂ ಇತ್ತು. ತಂದೆತಾಯಿಯ ಒಪ್ಪಿಗೆಯಿಲ್ಲದೆ ಆದ ಮದುವೆ ಮದುವೆಯೇ ಅಲ್ಲ ಎಂಬ ವಾದವನ್ನು ಮಹಾಸಭೆ ಖಂಡಿಸಿತು. ಮಕ್ಕಳು ಹಿರಿಯರನ್ನು ಕಡೆಗಣಿಸಿ ಮದುವೆಯಾಗುವುದನ್ನು ಧರ್ಮಸಭೆ ಮೆಚ್ಚಲಿಲ್ಲ ನಿಜ. ಆದರೆ ಸಂಸ್ಕಾರವನ್ನು ಕಟ್ಟುವುದು ಆ ಇಬ್ಬರ ಒಪ್ಪಿಗೆ, ಮನೆಯ ಯಜಮಾನನದ್ದಲ್ಲ ಎಂದು ಅದು ಪಟ್ಟು ಹಿಡಿಯಿತು. 1567ರಲ್ಲಿ ಗೋವೆಯಲ್ಲಿ ಸೇರಿದ ಮೊದಲ ಪ್ರಾಂತೀಯ ಮಹಾಸಭೆಯ ಮೂಲಕ ತ್ರೆಂತಿನ ತೀರ್ಮಾನಗಳು ನಮ್ಮ ಹಿರಿಯರ ನಾಡಿಗೆ ತಲುಪಿದವು.

ಹೀಗೆ ಜಗಲಿಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಹುಡುಗಿಗೆ ಮೊದಲು ಕೇಳುತ್ತಿದ್ದವರು ಬಲಿಪೀಠದ ಮುಂದೆ ನಿಂತ ಗುರುಗಳು. ಅಷ್ಟು ಹೊತ್ತಿಗೆ ಚಪ್ಪರ ಹಾಕಿ ಆಗಿತ್ತು, ಹಂದಿ ಕಡಿದು ಆಗಿತ್ತು, ಹಿಂದಿನ ಸಂಜೆ ತೆಂಗಿನ ಹಾಲು ಹಚ್ಚಿ ರೋಸ್ ಮುಗಿದಿತ್ತು, ಕೆಂಪು ಸಾಡೊ ಉಡಿಸಿ ಆಗಿತ್ತು. ಆಗ ಅವಳು ಇಲ್ಲ ಎನ್ನುವುದಾದರೂ ಹೇಗೆ? ನಿಯಮ ನಾನ್ನೂರು ವರ್ಷ ಹಳೆಯದಾಗಿದ್ದರೂ ಅದು ಮನೆಯೊಳಗೆ ಬರಲು ಬಾಗಿಲು ಇನ್ನೂ ತೆರೆದಿರಲಿಲ್ಲ.

ಇಲ್ಲಿ ಒಂದು ಮಾತು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಮದುವೆಯ ಹಾಡು, ವೀಳ್ಯ, ಹೂವು, ಅರಸಿನದಂಥ ಹಲವು ಆಚರಣೆಗಳನ್ನು ನಿಷೇಧಿಸಿ ಕಟ್ಟಾಜ್ಞೆ ಹೊರಡಿಸಿತ್ತು. ಕೆನರಾದಲ್ಲಿ ನೆಲೆನಿಂತ ನಮ್ಮ ಹಿರಿಯರು ಆ ಆಡಳಿತದ ಕೈಗೆ ಸಿಗದಷ್ಟು ದೂರವಿದ್ದರು. ವೊವಿಯೊ ಹಾಡುಗಳು, ರೋಸ್, ಪಿರ್ದುಕ್, ಚುಡೊ ಇಲ್ಲಿ ಬಾಳಿ ಬಂದವು. 1965ರಲ್ಲಿ ಸೆವೆರಿನ್ ಸಿಲ್ವ ಮತ್ತು ಸ್ಟೀಫನ್ ಫುಕ್ಸ್ ಎಂಬ ವಿದ್ವಾಂಸರು ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಪದ್ಧತಿಗಳ ಮೇಲೆ ಬರೆದು ಪ್ರಕಟಿಸಿದ ದೀರ್ಘ ಲೇಖನ ನಮ್ಮ ಭಾಗ್ಯ. ಸಂಬಂಧ ಕೂಡಿಸುವ ಹಳೆಯ ಕ್ರಮ ಊರಲ್ಲಿ ಇನ್ನೂ ನೆನಪಿದ್ದ ಕಾಲದಲ್ಲಿ ಅದು ದಾಖಲಾಯಿತು.

ಬಾಗಿಲನ್ನು ಮೊದಲು ತೆರೆದದ್ದು ಪೇಟೆಯಲ್ಲ, ಶಾಲೆ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದರು. 1880ರಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1921ರಲ್ಲಿ ಬೆಂದೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು. ಓದುವ ಹುಡುಗಿಯ ಮದುವೆ ತಾನಾಗಿಯೇ ಮುಂದೆ ಹೋಯಿತು. ಕಾನೂನೂ ಜೊತೆಗೂಡಿತು. 1917ರವರೆಗೆ ಧರ್ಮಸಭೆಯ ಕಾನೂನಿನಲ್ಲಿ ಹುಡುಗಿಯ ಕನಿಷ್ಠ ಪ್ರಾಯ 12 ಇತ್ತು, ಆ ವರ್ಷದ ಸಂಹಿತೆ ಅದನ್ನು 14 ಮಾಡಿತು. ಸರಕಾರ 1929ರಲ್ಲಿ 14 ಮಾಡಿ 1978ರಲ್ಲಿ 18ಕ್ಕೆ ಏರಿಸಿತು. ಹನ್ನೆರಡರ ಮಗುವಿಗೆ ಹಿರಿಯರು ಹುಡುಕಿಕೊಟ್ಟದ್ದೇ ಗಂಡ. ಇಪ್ಪತ್ತರ ಪದವೀಧರೆಗೆ ಕೇಳದೆ ಇರುವುದು ಕಷ್ಟ. ಇನ್ನೊಂದು ವಿಷಯ, ಅವಳಿಗೆ ಪತ್ರ ಬರೆಯಲು ಬರುತ್ತಿತ್ತು. ಮುಂಬಯಿಗೆ ಕೆಲಸ ಹುಡುಕಿ ಹೋದ ಹುಡುಗನಿಗೂ ಊರಲ್ಲಿದ್ದ ಹುಡುಗಿಗೂ ಮಾತು ಗೊತ್ತಾದ ಮೇಲೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಪತ್ರಗಳು ಓಡಾಡಿದವು. ನಿಶ್ಚಿತಾರ್ಥದಿಂದ ಮದುವೆಯವರೆಗಿನ ಈ ಪತ್ರಗಳ ಕಾಲವೇ ನಮ್ಮಲ್ಲಿ ಅನೇಕ ದಂಪತಿಗಳಿಗೆ ಸಿಕ್ಕಿದ ಏಕೈಕ ಪ್ರಣಯಕಾಲ. ಅದಕ್ಕೆ ತಗಲುತ್ತಿದ್ದ ಖರ್ಚು ಒಂದು ಅಂಚೆಚೀಟಿಯದ್ದು.

ಇದೇ ಹೊತ್ತಿಗೆ ಸಾಗರದಾಚೆ ಇನ್ನೊಂದು ಬದಲಾವಣೆ ನಡೆದಿತ್ತು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಮಧ್ಯಮವರ್ಗದ ಹುಡುಗ ಹುಡುಗಿಯ ಮನೆಗೇ ಬಂದು, ತಾಯಿಯ ಕಣ್ಣೆದುರು, ಚಹಾ ಕುಡಿದು ಮಾತಾಡಿ ಹೋಗಬೇಕಿತ್ತು. ಅವನನ್ನು ಕರೆಯುವ ಅಧಿಕಾರ ಹುಡುಗಿಗೂ ಅವಳ ತಾಯಿಗೂ ಇತ್ತು. ಆದರೆ ಷಿಕಾಗೋದಂಥ ನಗರಗಳ ಒಂಟಿ ಕೋಣೆಗಳಲ್ಲಿ ಬಾಡಿಗೆಗಿದ್ದ ಕೆಲಸಗಾರ ಹುಡುಗಿಯರಿಗೆ ಅತಿಥಿಯನ್ನು ಕೂರಿಸಲು ಜಗಲಿ ಎಲ್ಲಿಂದ ಬರಬೇಕು? ಅವರು ಹೊರಗೆ, ನೃತ್ಯಶಾಲೆ ನಾಟಕಶಾಲೆಗಳಲ್ಲಿ ಭೇಟಿಯಾದರು. 1896ರಲ್ಲಿ ಜಾರ್ಜ್ ಏಡ್ ಎಂಬ ಷಿಕಾಗೋ ಪತ್ರಕರ್ತನ ಬರಹದಲ್ಲಿ ಇಂಥ ಭೇಟಿಗೆ ‘ಡೇಟ್’ ಎಂಬ ಪದ ಬಂತು. ಬೆತ್ ಬೇಲಿ ಎಂಬ ಇತಿಹಾಸಕಾರ್ತಿ 1988ರ ತಮ್ಮ ಪುಸ್ತಕದಲ್ಲಿ ಇದರ ಪರಿಣಾಮವನ್ನು ವಿವರಿಸಿದ್ದಾರೆ. ಭೇಟಿ ಮನೆಯಿಂದ ಹೊರಗೆ ಬಂದಾಗ ಯುವಜನರಿಗೆ ಹಿರಿಯರ ಕಣ್ಣಿನಿಂದ ಬಿಡುಗಡೆ ಸಿಕ್ಕಿತು, ಆದರೆ ಹೊರಗೆ ಕೂರಬೇಕಾದರೆ ಹಣ ಕೊಡಬೇಕು. ಹಣ ಕೊಡುವವನು ಹುಡುಗ. ಆದ್ದರಿಂದ ಕರೆಯುವ ಅಧಿಕಾರವೂ ಹುಡುಗಿಯ ಮನೆಯಿಂದ ಅವನ ಜೇಬಿಗೆ ಹೋಯಿತು. ಬಡತನದ ಅನಿವಾರ್ಯದಿಂದ ಹುಟ್ಟಿದ ಕ್ರಮ ಕೆಲವೇ ದಶಕಗಳಲ್ಲಿ ಉಳ್ಳವರ ಫ್ಯಾಶನ್ ಆಯಿತು.

ಮಂಗಳೂರಿಗೆ ಇದು ತಲುಪಲು ಮುಕ್ಕಾಲು ಶತಮಾನ ಹಿಡಿಯಿತು. ನಮ್ಮ ಯುವಕ ಯುವತಿಯರು ಒಬ್ಬರನ್ನೊಬ್ಬರು ಕಾಣುತ್ತಿದ್ದ ಜಾಗಗಳೆಲ್ಲ ಮೊದಲು ಉಚಿತದವು. ಭಾನುವಾರದ ಪೂಜೆಯ ನಂತರ ಇಗರ್ಜಿಯ ಮೈದಾನ, ಗಾಯನ ವೃಂದದ ಅಭ್ಯಾಸ, ಮೊಂತಿ ಫೆಸ್ತ್‌ನ ಹೂವಿನ ಮೆರವಣಿಗೆ, ವಾರ್ಷಿಕ ಹಬ್ಬದ ವೆಸ್ಪರ ಸಂಜೆ, ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ. ಅತ್ತೂರಿಗೆ ಹೋದವರೆಲ್ಲ ಮೇಣದಬತ್ತಿ ಹಚ್ಚಲಿಕ್ಕೇ ಹೋಗುತ್ತಿದ್ದರೆಂದು ನಾವು ಆಣೆಯಿಟ್ಟು ಹೇಳಲಾರೆವು. ಎಲ್ಲರ ನಡುವೆ ನಿಂತು ನೋಡುವುದು, ಒಂದೆರಡು ಮಾತು ಆಡುವುದು, ಅಷ್ಟೇ. ಅದನ್ನು ಗುರ್ಕಾರ ನೋಡುತ್ತಿದ್ದ, ಮಾವಶಿ ನೋಡುತ್ತಿದ್ದಳು, ಸಂಜೆಯ ತೆರ್ಸ್ ಮುಗಿಯುವಷ್ಟರಲ್ಲಿ ಮನೆಗೆ ಸುದ್ದಿ ಮುಟ್ಟುತ್ತಿತ್ತು.

ನಂತರ ಹಂಪನಕಟ್ಟೆ ಬಂತು. ಸಿನೆಮಾ ಮಂದಿರಗಳು, ಹೋಟೆಲುಗಳ ‘ಫ್ಯಾಮಿಲಿ ರೂಮು’ಗಳು, ಮತ್ತೆ ಐಸ್‌ಕ್ರೀಂ. 1975ರ ಮೇ ತಿಂಗಳಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಪ್ರಭಾಕರ ಕಾಮತರು ಐಡಿಯಲ್ ಐಸ್‌ಕ್ರೀಂ ಆರಂಭಿಸಿದರು. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಒಣಹಣ್ಣು, ಮೂರು ಬಗೆಯ ಐಸ್‌ಕ್ರೀಂ ಪೇರಿಸಿದ ಗಡ್‌ಬಡ್ ಕರಾವಳಿಯ ಯುವಜನರ ಹಬ್ಬದೂಟವಾಯಿತು. ಇದರಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ. ರಾಯ್ಬಾರಿ ತಂದ ಸಂಬಂಧದಲ್ಲೂ ಹುಡುಗ ಹುಡುಗಿ ಹತ್ತು ನಿಮಿಷ ಎದುರೆದುರು ಕುಳಿತು ಮಾತಾಡಲು ಐಸ್‌ಕ್ರೀಂ ಅಂಗಡಿ ಒಳ್ಳೆಯ ಜಾಗವೆಂದು ಎಷ್ಟೋ ಮನೆಗಳು ಕಂಡುಕೊಂಡವು; ಅಕ್ಕನೋ ಅತ್ತಿಗೆಯೋ ಪಕ್ಕದ ಮೇಜಿನಲ್ಲಿ ಕುಳಿತಿರುತ್ತಿದ್ದಳು. ಜಗಲಿಗೂ ಪೇಟೆಗೂ ನಡುವಿನ ರಾಜಿ ಅದು. ಲೋಟ ಇಟ್ಟು ಒಳಗೆ ಹೋದ ಅಜ್ಜಿಯ ಮೊಮ್ಮಗಳು ಈಗ ಚಮಚ ಹಿಡಿದು ಎದುರಿಗೆ ಕುಳಿತಿದ್ದಳು. ತ್ರೆಂತಿನ ಮಹಾಸಭೆ ಬಯಸಿದ್ದ ಒಪ್ಪಿಗೆಗೆ ಇದು ಚಪ್ಪರದಡಿಯ ಮೌನಕ್ಕಿಂತ ಹತ್ತಿರ.

ಗಲ್ಫ್ ಈ ಲೆಕ್ಕವನ್ನು ಬುಡಮೇಲು ಮಾಡಿತು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ನಮ್ಮ ಹುಡುಗರು ಕುವೈತ್, ಬಹ್ರೈನ್, ದುಬೈಗಳಿಗೆ ಗುಂಪುಗುಂಪಾಗಿ ಹೋದರು. ಅವರಿಗೆ ಸಿಗುತ್ತಿದ್ದುದು ಒಂದೂವರೆ ಎರಡು ತಿಂಗಳ ರಜೆ. ಅಷ್ಟರೊಳಗೆ ಹುಡುಗಿ ನೋಡಬೇಕು, ಮಾತು ಮುಗಿಸಬೇಕು, ಮೂರು ಭಾನುವಾರ ಚೀಟಿ ಓದಿಸಬೇಕು, ಮದುವೆಯಾಗಬೇಕು, ಪರ್ತಪಣ್ ಮುಗಿಸಿ ವಿಮಾನ ಹತ್ತಬೇಕು. ವೇಗಕ್ಕೆ ಒಗ್ಗುವುದು ಹಣವೊಂದೇ. ಫೋಟೊ ಆಲ್ಬಂ, ವೀಡಿಯೊ ಕ್ಯಾಸೆಟ್, ಚಿನ್ನದ ಬಿಸ್ಕತ್ತು, ಸುಗಂಧದ ಬಾಟಲಿಗಳು ನಿಶ್ಚಿತಾರ್ಥದ ಭಾಷೆಯಾದವು. ಊರಲ್ಲೇ ಗುಮಾಸ್ತನಾಗಿದ್ದ ಒಳ್ಳೆಯ ಹುಡುಗ, ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಹುಡುಗ, ರಾಯ್ಬಾರಿಯ ಪಟ್ಟಿಯಲ್ಲಿ ಕೆಳಗಿಳಿದ. ಅದೇ ಗಲ್ಫ್‌ಗೆ ನರ್ಸಾಗಿ ಹೋದ ಹುಡುಗಿಯರ ಕತೆ ಬೇರೆ. ತಮ್ಮ ಮದುವೆಯ ಚಿನ್ನವನ್ನು ತಾವೇ ದುಡಿದು ತಂದ ಮೊದಲ ತಲೆಮಾರು ಅದು. ದುಡಿಯುವ ಮಗಳ ಮಾತಿಗೆ ಮನೆಯಲ್ಲಿ ತೂಕ ಬಂತು. ದೋತ್ ಮಾತ್ರ ನಿಲ್ಲಲಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ನಂತರ ಅದು ಹೆಸರು ಬದಲಿಸಿಕೊಂಡು ಉಡುಗೊರೆಯಾಯಿತು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಹಾರತೊಡಗಿದ ಮೇಲೆ ಆ ಅವಸರ ಸ್ವಲ್ಪ ತಗ್ಗಿತು.

1991ರ ಆರ್ಥಿಕ ಉದಾರೀಕರಣದ ಜೊತೆಗೆ ಕೇಬಲ್ ಟಿ.ವಿ. ಬಂತು, ಆರ್ಚೀಸ್ ಅಂಗಡಿಯ ಕಾರ್ಡು ಬಂತು, ಫೆಬ್ರವರಿ 14 ಬಂತು. ಈ ದಿನದ ಚರಿತ್ರೆ ನಮ್ಮ ಓದುಗರಿಗೆ ವಿಶೇಷ ಸ್ವಾರಸ್ಯದ್ದು. ಸಂತ ವ್ಯಾಲೆಂಟೈನ್ ರೋಮಿನ ರಕ್ತಸಾಕ್ಷಿ. ಅವರ ಹಬ್ಬದ ದಿನವನ್ನು ಪ್ರಣಯದ ಜೊತೆ ಬೆಸೆದದ್ದು ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನ ಕಾಲದವರು. ಅದನ್ನು ವ್ಯಾಪಾರ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಕಾರ್ಡು ಮುದ್ರಕರು. ಧರ್ಮಸಭೆ 1969ರಲ್ಲಿ ತನ್ನ ಸಾರ್ವತ್ರಿಕ ಪಂಚಾಂಗವನ್ನು ಪರಿಷ್ಕರಿಸಿದಾಗ, ಅವರ ಜೀವನದ ಬಗ್ಗೆ ಖಚಿತವಾಗಿ ತಿಳಿದಿರುವುದು ಅತ್ಯಲ್ಪವೆಂಬ ಕಾರಣಕ್ಕೆ ಈ ಸ್ಮರಣೆಯನ್ನು ಅದರಿಂದ ಕೈಬಿಟ್ಟಿತು. ಇಂದು ಆ ದಿನ ಬಲಿಪೂಜೆಯಲ್ಲಿ ನಾವು ಸ್ಮರಿಸುವುದು ಸಂತ ಸಿರಿಲ್ ಮತ್ತು ಮೆಥೋಡಿಯಸರನ್ನು. ಇಗರ್ಜಿ ಪಂಚಾಂಗದಿಂದ ತೆಗೆದ ಹಬ್ಬವನ್ನು ಅಂಗಡಿ ತನ್ನ ಪಂಚಾಂಗಕ್ಕೆ ಸೇರಿಸಿಕೊಂಡಿತು. ಅದನ್ನು ಕ್ರೈಸ್ತರ ಹಬ್ಬವೆಂದು ಎಣಿಸಿ ಸಿಟ್ಟಾಗುವವರೂ ಅದನ್ನು ನಮ್ಮ ಹಬ್ಬವೆಂದು ಹೆಮ್ಮೆಪಡುವವರೂ ಇದನ್ನು ತಿಳಿದರೆ ಒಳ್ಳೆಯದು.

ಸಿಟ್ಟಿನ ಮಾತು ಬಂತು. ಮಂಗಳೂರಿನ ಹೆಸರು ಈ ವಿಷಯದಲ್ಲಿ ದೇಶಕ್ಕೆಲ್ಲ ಕೇಳಿಸಿದ್ದು ದುಃಖದ ಕಾರಣಕ್ಕೆ. 2009ರ ಜನವರಿ 24ರಂದು ನಗರದ ಪಬ್ ಒಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಹೊಡೆದು ಓಡಿಸಿತು. ಕ್ಯಾಮೆರಾಗಳು ಅದನ್ನು ದೇಶಕ್ಕೆ ತೋರಿಸಿದವು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ದಾಳಿಯಾಯಿತು. ಪಬ್ಬಿಗೆ ಮಕ್ಕಳು ಹೋಗಬೇಕೆಂದು ನಾವು ಯಾರೂ ಬಯಸುವುದಿಲ್ಲ. ಆದರೆ ಹೆಣ್ಣುಮಗಳ ಕೆನ್ನೆಗೆ ಹೊಡೆದು ಸಂಸ್ಕೃತಿ ಕಲಿಸುವವರನ್ನು ಮನಸ್ಸಿನೊಳಗೇ ಮೆಚ್ಚಿದ ಹಿರಿಯರು ನಮ್ಮ ನಡುವೆಯೂ ಇದ್ದರು; ಅದನ್ನು ನಾವು ಖಂಡಿಸಬೇಕು. ಆ ವರ್ಷಗಳ ಇನ್ನೊಂದು ಫಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕದ್ರಿ ಪಾರ್ಕು, ಪಣಂಬೂರು ಕಡಲತೀರದಂಥ ಕಾಸು ಖರ್ಚಿಲ್ಲದ ಬಯಲು ಜಾಗಗಳು ಹುಡುಗ ಹುಡುಗಿ ಜೊತೆಯಾಗಿ ಕೂರಲು ಅಂಜುವ ಜಾಗಗಳಾದವು. ಸುರಕ್ಷಿತವೆನಿಸಿದ್ದು ಕಾವಲುಗಾರನಿರುವ, ತಂಪುಗಾಳಿಯ, ಬಿಲ್ಲು ಕೊಡುವ ಜಾಗ. ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್ 2010ರಲ್ಲಿ ತೆರೆಯಿತು, ಪಾಂಡೇಶ್ವರದ ಫಿಜಾ ಮಾಲ್ 2014ರಲ್ಲಿ. ಬಯಲಲ್ಲಿ ಕೂರಲು ಬಿಡದವರು ತಮಗೆ ತಿಳಿಯದೆಯೇ ಯುವಜನರನ್ನು ಮಾಲ್‌ನೊಳಗೆ ಅಟ್ಟಿದರು.

ರಾಯ್ಬಾರಿಯ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡದ್ದು 1990ರ ದಶಕದ ಕೊನೆಯಲ್ಲಿ ಹುಟ್ಟಿದ ವಧು-ವರರ ವೆಬ್‌ಸೈಟುಗಳಿಂದ. 2012ರಲ್ಲಿ ಅಮೆರಿಕದಲ್ಲಿ ಟಿಂಡರ್ ಎಂಬ ಆ್ಯಪ್ ಶುರುವಾಯಿತು. 2016ರಲ್ಲಿ ನಮ್ಮ ದೇಶದಲ್ಲಿ ಮೊಬೈಲ್ ಇಂಟರ್ನೆಟ್ಟಿನ ದರ ನೆಲಕಚ್ಚಿದ ಮೇಲೆ ಇಂಥ ಆ್ಯಪ್‌ಗಳು ಹಳ್ಳಿಯ ಹುಡುಗನ ಕೈಗೂ ಬಂದವು. ಎರಡೂ ಒಂದೇ ಅಲ್ಲ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು. ವಧು-ವರರ ವೆಬ್‌ಸೈಟ್ ರಾಯ್ಬಾರಿಯ ಮೊಮ್ಮಗ. ಎತ್ತರ, ಬಣ್ಣ, ಸಂಬಳ, ಜಾತಿ, ಎಲ್ಲಕ್ಕೂ ಅಲ್ಲಿ ಒಂದೊಂದು ಚೌಕವಿದೆ. ಅಜ್ಜ ಪಿಸುಗುಟ್ಟಿ ಕೇಳುತ್ತಿದ್ದುದನ್ನು ಅದು ನಾಚಿಕೆಯಿಲ್ಲದೆ ಅಚ್ಚುಹಾಕಿ ಕೇಳುತ್ತದೆ. ಡೇಟಿಂಗ್ ಆ್ಯಪ್ ಬೇರೆ ಜಾತಿಯದು. ಅದಕ್ಕೆ ಮನೆ ಬೇಡ, ಮದುವೆಯ ಮಾತೂ ಬೇಡ. ಮುಖವನ್ನು ಬೆರಳಿನಿಂದ ಸರಿಸಿದರೆ ಮುಂದಿನ ಮುಖ ಬರುತ್ತದೆ. ಸಂಬಂಧ ಕೂಡಿದರೆ ರಾಯ್ಬಾರಿಗೆ ಉಡುಗೊರೆ ಸಿಗುತ್ತಿತ್ತು, ಆದ್ದರಿಂದ ಕೂಡಿಸುವುದರಲ್ಲಿ ಅವನಿಗೆ ಲಾಭ. ಆ್ಯಪ್‌ಗೆ ಲಾಭವಿರುವುದು ನಾವು ಹುಡುಕುತ್ತಲೇ ಇರುವುದರಲ್ಲಿ. ವಿಶ್ವಗುರು ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರೇಷಿತ ಪತ್ರದ 39ನೆಯ ಪರಿಚ್ಛೇದದಲ್ಲಿ, ಪ್ರೀತಿಯನ್ನು ಗ್ರಾಹಕನ ಇಷ್ಟದಂತೆ ಜೋಡಿಸಿ ಕಳಚಬಹುದಾದ ವಸ್ತುವಿನಂತೆ ಕಾಣುವ ಈ ಮನೋಭಾವದ ಬಗ್ಗೆ ತಮ್ಮ ಕಳವಳವನ್ನು ತೋಡಿಕೊಂಡಿದ್ದಾರೆ.

ಅದೇ ಪತ್ರದ 212ನೆಯ ಪರಿಚ್ಛೇದ ನಮ್ಮ ಊರನ್ನು ನೋಡಿಯೇ ಬರೆದಂತಿದೆ. ಆಮಂತ್ರಣ, ಉಡುಪು, ಔತಣಗಳ ತಯಾರಿಯಲ್ಲಿ ಹಣವೂ ಶಕ್ತಿಯೂ ಸೋರಿಹೋಗಿ, ಜೋಡಿಗಳು ಸಂಸ್ಕಾರದ ಹೊತ್ತಿಗೆ ದಣಿದು ಬರುತ್ತಾರೆಂದೂ, ದೊಡ್ಡ ಔತಣಕ್ಕೆ ಹಣವಿಲ್ಲದ ಕೆಲವರು ಮದುವೆಯನ್ನೇ ಬಿಟ್ಟು ಸುಮ್ಮನೆ ಜೊತೆಗಿರುತ್ತಾರೆಂದೂ ಪೋಪರು ಅಲ್ಲಿ ಹೇಳುತ್ತಾರೆ. ಮಂಗಳೂರಿನಲ್ಲಿ ಮನೆಯಂಗಳದ ಮಾಟೊವ್ ಹೋಗಿ ಸಭಾಭವನ ಬಂತು. ಬಂದವರನ್ನು ಹೆಸರು ಹಿಡಿದು ಕೂರಿಸುತ್ತಿದ್ದ ಯಜಮಾನನ ಜಾಗದಲ್ಲಿ ಬಾಡಿಗೆಯ ಎಂ.ಸಿ. ನಿಂತ. ನೆರೆಯವರು ತೆಂಗಿನಕಾಯಿ ತುರಿದು ಹಾಲು ಹಿಂಡಿ, ವೊವಿಯೊ ಹಾಡುತ್ತ ಹಚ್ಚುತ್ತಿದ್ದ ರೋಸ್ ಎರಡನೆಯ ಮದುವೆಯಷ್ಟು ದೊಡ್ಡದಾಗಿ, ಡಿ.ಜೆ. ಸದ್ದಿನಲ್ಲಿ ಹಾಡೇ ಕೇಳಿಸದಂತಾಯಿತು. ಅದಕ್ಕೂ ಮೊದಲು ಕಡಲತೀರದಲ್ಲಿ ಡ್ರೋನ್ ಹಾರಿಸಿ ಚಿತ್ರ ತೆಗೆಸಬೇಕು. ವಜ್ರದ ಉಂಗುರವೂ ಬೇಕೆಂದು ಈಗ ಕೇಳಿಬರುತ್ತಿದೆ. ವಜ್ರ ಮತ್ತು ಶಾಶ್ವತ ಪ್ರೀತಿಯ ನಂಟು 1947ರಲ್ಲಿ ಡಿ ಬಿಯರ್ಸ್ ಎಂಬ ಗಣಿ ಕಂಪೆನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು ಬರೆದ ಘೋಷಣೆಯಿಂದ ಜಗತ್ತಿಗೆಲ್ಲ ಹರಡಿದ್ದು. ನಮ್ಮ ಅಜ್ಜಿಯ ಪಿರ್ದುಕ್‌ನ ಕರಿಮಣಿಗೆ ಯಾವ ಕಂಪೆನಿಯ ಘೋಷಣೆಯೂ ಇರಲಿಲ್ಲ, ಅವಳು ಅದನ್ನು ಗಂಡ ಬದುಕಿರುವಷ್ಟು ಕಾಲ ತೆಗೆಯಲೂ ಇಲ್ಲ.

ಈ ಖರ್ಚಿನ ಲೆಕ್ಕದಲ್ಲಿ ನಮ್ಮನ್ನು ಹೆಚ್ಚು ಕಾಡುವವರು ದಣಿದ ಶ್ರೀಮಂತರಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಮೂವತ್ತು ದಾಟಿದ, ಮೂವತ್ತೈದು ದಾಟಿದ ಹುಡುಗರಿದ್ದಾರೆ. ಆಟೋ ಓಡಿಸುವವರು, ಬಣ್ಣ ಬಳಿಯುವವರು, ಅಂಗಡಿಯಲ್ಲಿ ಸಂಬಳಕ್ಕೆ ನಿಂತವರು, ಒಂದೆರಡು ಎಕರೆ ತೋಟ ನೋಡಿಕೊಂಡು ಮುದಿ ತಾಯಿಯ ಜೊತೆ ಇರುವವರು. ಹಳೆಯ ಕ್ರಮದಲ್ಲಿ ಇವರಿಗೂ ಒಬ್ಬ ರಾಯ್ಬಾರಿ ಇದ್ದ. ಬಡವರ ಮನೆಗೆ ಬಡವರ ಮನೆಯಿಂದ ಸಂಬಂಧ ತರುತ್ತಿದ್ದ. ಹೊಸ ಕ್ರಮದಲ್ಲಿ ಒಂದು ಕಾಫಿಗೆ ಕರೆಯಬೇಕಾದರೂ ದಿನದ ಸಂಬಳದ ಒಂದು ಪಾಲು ಬೇಕು, ವೆಬ್‌ಸೈಟಿನಲ್ಲಿ ಫೋನ್ ಸಂಖ್ಯೆ ನೋಡಲೂ ಚಂದಾ ಕಟ್ಟಬೇಕು. ಇವರಿಗೆ ಹುಡುಗಿ ಸಿಗುವುದಿಲ್ಲವೆಂದು ಓದಿದ ಹುಡುಗಿಯರನ್ನು ದೂರುವುದು ನಮ್ಮಲ್ಲಿ ರೂಢಿ. ಆದರೆ ಆ ಹುಡುಗಿಯರು ಇವರನ್ನು ಮುಖತಃ ಕಂಡು ಮಾತಾಡಲು ಯಾವ ಜಾಗವನ್ನು ನಾವು ಉಳಿಸಿದ್ದೇವೆ? ಗಾಯನ ವೃಂದಕ್ಕೆ ಈಗ ಕೀಬೋರ್ಡಿನಲ್ಲಿ ತುಂಬಿಸಿಟ್ಟ ತಾಳವಿದೆ, ನಾಟಕಕ್ಕೆ ಹೊರಗಿನ ತಂಡ, ಹಬ್ಬದ ಶೃಂಗಾರಕ್ಕೆ ಗುತ್ತಿಗೆದಾರ. ಕಾಗದದ ಮಾಲೆ ಕತ್ತರಿಸುತ್ತ, ಗೋದಲಿ ಕಟ್ಟುತ್ತ, ರಾತ್ರಿ ಹತ್ತರವರೆಗೆ ಇಗರ್ಜಿಯ ವರಾಂಡದಲ್ಲಿ ಕುಳಿತಿದ್ದಾಗ ಯಾರು ತಾಳ್ಮೆಯವರು, ಯಾರು ಕೆಲಸಗಳ್ಳರು, ಯಾರು ಚಿಕ್ಕವರ ಮೇಲೆ ರೇಗುತ್ತಾರೆ ಎಂಬುದು ಗೊತ್ತಾಗುತ್ತಿತ್ತು. ಮಾಲ್‌ನ ಮೇಜಿನಲ್ಲಿ ಅದು ಗೊತ್ತಾಗುವುದಿಲ್ಲ. ಹಣ ಉಳಿಸಲು ಕೈಯಿಂದ ಮಾಡುತ್ತಿದ್ದ ಕೆಲಸಗಳನ್ನು ಹಣ ಕೊಟ್ಟು ಮಾಡಿಸತೊಡಗಿದಾಗ ನಾವು ಕಳೆದುಕೊಂಡದ್ದು ಇದನ್ನು. ಐ.ಸಿ.ವೈ.ಎಂ. ಯುವ ಸಂಘಟನೆ ಇನ್ನೂ ಇದೆ, ಮತ್ತು ಅದರ ಸಭೆಗೆ ಪ್ರವೇಶ ಶುಲ್ಕವಿಲ್ಲ. ಅದರಲ್ಲಿ ಹುಡುಗ ಹುಡುಗಿ ಮಾತಾಡಿದರೆ ಹುಬ್ಬೇರಿಸುವ ಹಿರಿಯರು ಅವರು ಇನ್ನೆಲ್ಲಿ ಮಾತಾಡಬೇಕೆಂದು ತಾವೇ ಹೇಳಬೇಕು.

ಧರ್ಮಸಭೆಯ ಪ್ರಶ್ನೆಯಂತೂ ಹಾಗೆಯೇ ಉಳಿದಿದೆ. 1983ರ ಕಾನೂನು ಸಂಹಿತೆಯ 1057ನೆಯ ವಿಧಿ ಮದುವೆಯನ್ನು ಕಟ್ಟುವುದು ಇಬ್ಬರ ಒಪ್ಪಿಗೆ, ಅದನ್ನು ಅವರ ಪರವಾಗಿ ಬೇರೆ ಯಾವ ಮನುಷ್ಯಶಕ್ತಿಯೂ ಕೊಡಲಾಗದು ಎನ್ನುತ್ತದೆ; ಒತ್ತಾಯ ಮತ್ತು ಭಯದಿಂದ ಆದ ಮದುವೆ ಊರ್ಜಿತವಲ್ಲ ಎನ್ನುತ್ತದೆ 1103ನೆಯ ವಿಧಿ. ಚೀಟಿ ಓದುವ ಮೊದಲು ಧರ್ಮಕೇಂದ್ರದ ಗುರುಗಳು ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆಯಾಗಿ ಕೂರಿಸಿ, ಯಾರಾದರೂ ಒತ್ತಾಯಿಸಿದ್ದಾರೆಯೇ ಎಂದು ವಿಚಾರಿಸಿ ಬರೆದುಕೊಳ್ಳುತ್ತಾರೆ. ಅಜ್ಜಿಯ ಕಾಲದಲ್ಲಿ ಒತ್ತಾಯವೆಂದರೆ ಅಪ್ಪನ ಕಣ್ಣು. ಈಗ ಮುಂಗಡ ಕೊಟ್ಟಾದ ಸಭಾಭವನ, ಆರು ತಿಂಗಳ ಹಿಂದೆ ಫೇಸ್‌ಬುಕ್ಕಿನಲ್ಲಿ ಹಾಕಿದ ನಿಶ್ಚಿತಾರ್ಥದ ಚಿತ್ರಗಳು, ಬ್ಯಾಂಕಿನಿಂದ ತೆಗೆದ ಸಾಲ ಇವೂ ಒತ್ತಾಯವೇ ಅಲ್ಲವೇ? ನಿಶ್ಚಿತಾರ್ಥದ ನಂತರ ಮನಸ್ಸು ಒಡಂಬಡದೆ ಹಿಂದೆ ಸರಿದ ಮಗಳನ್ನು, ಕಳೆದುಹೋದ ಮುಂಗಡದ ಲೆಕ್ಕ ಎತ್ತದೆ ಮನೆಗೆ ಸೇರಿಸಿಕೊಳ್ಳುವ ತಂದೆತಾಯಿ ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

ಈಚೆಗೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ರಾಯ್ಬಾರಿಗಳು ಹುಟ್ಟಿಕೊಂಡಿದ್ದಾರೆ. ಹೆಚ್ಚಿನವರು ನಿವೃತ್ತ ಶಿಕ್ಷಕಿಯರು, ಅತ್ತೆಯಂದಿರು, ಮಾವಶಿಯರು. ಫೋಟೊ ಮತ್ತು ಬಯೋಡೇಟಾವನ್ನು ಶುಲ್ಕವಿಲ್ಲದೆ ಬೆಂಗಳೂರಿಗೂ ದುಬೈಗೂ ಕೆನಡಾಕ್ಕೂ ಕಳುಹಿಸುತ್ತಾರೆ. ಪುಣ್ಯದ ಕೆಲಸ, ನಡೆಯಲಿ. ಅಂಥ ಬಯೋಡೇಟಾಗಳು ನಮ್ಮ ಮೊಬೈಲಿಗೂ ಬರುತ್ತವೆ. ಹುಡುಗಿಯ ಓದು, ಕೆಲಸ, ಎತ್ತರ, ಧರ್ಮಕೇಂದ್ರದ ಹೆಸರು ಎಲ್ಲ ಇರುತ್ತದೆ. ಕೆಳಗೆ ಸಂಪರ್ಕಿಸಲು ಒಂದು ಫೋನ್ ಸಂಖ್ಯೆ. ಹೆಚ್ಚಾಗಿ ಅದು ತಂದೆಯದ್ದು.